ಕೆಂಚನ ತುರಿಕೆ, ನಮ್ಮ ಒಪ್ಪತ್ತು

ಅಂದವಾಗಿ ಬರೆದದ್ದೆಲ್ಲ ನಿಜ ಎಂದು ನಂಬುವ ದುರಭ್ಯಾಸ ನನಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಇದು ಇರಬಾರದ ಕಾಯಿಲೆ. ಆದರೆ ಇಪ್ಪತ್ತೆರಡು ವರ್ಷ ಮಕ್ಕಳ ಪ್ರಯೋಗದ ಪುಸ್ತಕಗಳನ್ನು ತಿದ್ದಿದರೆ ಯಾರಿಗಾದರೂ ಬಂದೀತು. ಎಡಕ್ಕೆ ಗೆರೆ ಎಳೆದು, ಶೀರ್ಷಿಕೆಯ ಕೆಳಗೆ ಕೆಂಪು ಗೀಟು ಹಾಕಿ, ‘ವೀಕ್ಷಣೆ’, ‘ತೀರ್ಮಾನ’ ಎಂದು ದುಂಡಗೆ ಬರೆದ ಹುಡುಗಿಗೆ ನಾನು ಕಣ್ಣು ಮುಚ್ಚಿ ಹತ್ತಕ್ಕೆ ಹತ್ತು ಕೊಟ್ಟುಬಿಡುತ್ತೇನೆ. ಅವಳ ಸುಣ್ಣದ ತಿಳಿನೀರು ನಿಜವಾಗಿ ಹಾಲಿನಂತಾಯಿತೋ ಇಲ್ಲವೋ, ಯಾರು ನೋಡಿದ್ದಾರೆ? ಈ ದುರಭ್ಯಾಸದಿಂದ ಪಾಡುಪಟ್ಟದ್ದು ನಾನಲ್ಲ, ನಮ್ಮ ನಾಯಿ ಕೆಂಚ. ಅದನ್ನು ಹೇಳಿಕೊಂಡು ಹಗುರಾಗೋಣ ಎಂದು ಕೂತಿದ್ದೇನೆ.

ನಮ್ಮ ಬಾಡಿಗೆ ಮನೆ ಇರುವುದು ನಂಜನಗೂಡಿನಲ್ಲಿ, ನನ್ನ ಶಾಲೆ ತಿ. ನರಸೀಪುರದಲ್ಲಿ. ನಾಲ್ಕು ವರ್ಷದ ಕೆಳಗೆ ಅಲ್ಲಿನ ಬಸ್ ನಿಲ್ದಾಣದಿಂದ ಒಂದು ಕೆಂದು ಬಣ್ಣದ ಮರಿ ನನ್ನ ಹಿಂದೆಯೇ ಬಸ್ಸು ಹತ್ತಿತು. ಕಂಡಕ್ಟರು ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿ, “ಮರಿಗೆ ಟಿಕೇಟ್ ಬ್ಯಾಡ ಸಾ, ಕಾಲ್ ಕೆಳಗ್ ಮಡಿಕ್ಕಳಿ” ಎಂದ. ಹಾಗೆ ಬಂದವನೇ ಕೆಂಚ. ನನಗೂ ನನ್ನ ಹೆಂಡತಿ ಸುಮಿತ್ರಳಿಗೂ ಮಕ್ಕಳಿಲ್ಲ. ಈ ಮಾತನ್ನು ಹೇಳದೆ ಮುಂದಕ್ಕೆ ಹೋದರೆ ಉಳಿದದ್ದು ನಿಮಗೆ ಅತಿಯಾಗಿ ಕಾಣಬಹುದು. ಹೇಳಿ ಆಯಿತು, ಮುಂದಕ್ಕೆ ಹೋಗೋಣ.

ಕಳೆದ ದೀಪಾವಳಿ ಮುಗಿದ ಮೇಲೆ ಕೆಂಚನಿಗೆ ತುರಿಕೆ ಶುರುವಾಯಿತು. ಮೊದಲು ಹೊಟ್ಟೆಯ ಮೇಲೆ ಕೆಂಪು ಗುಳ್ಳೆ, ಆಮೇಲೆ ಕಂಕುಳು, ಕಿವಿ, ಕಾಲ್ಬೆರಳ ಸಂದು. ಹಗಲೆಲ್ಲ ಕೆರೆದುಕೊಳ್ಳುವುದು, ನೆಕ್ಕುವುದು, ಗೋಡೆಗೆ ಉಜ್ಜುವುದು. ತಿಂಗಳು ಕಳೆಯುವಷ್ಟರಲ್ಲಿ ಪಕ್ಕೆಯ ಕೂದಲು ಉದುರಿ, ಅವನು ಯಾರೋ ಅರ್ಧ ಕ್ಷೌರ ಮಾಡಿ ಕಾಫಿಗೆ ಎದ್ದುಹೋದಂತೆ ಕಾಣುತ್ತಿದ್ದ. ನಂಜು ನುಂಗಿ ಅರಗಿಸಿಕೊಂಡ ದೇವರ ಊರು ನಮ್ಮದು. ಮೈಮೇಲೆ ಏನೇ ಎದ್ದರೂ ಇಲ್ಲಿಗೆ ಬಂದು ಕಪಿಲೆಯಲ್ಲಿ ಮುಳುಗಿದರೆ ವಾಸಿ ಎಂದು ದೂರದೂರದಿಂದ ಜನ ಬರುತ್ತಾರೆ. ಹೀಗಾಗಿ ಇಲ್ಲಿ ಹುಟ್ಟಿದ ಪ್ರತಿಯೊಬ್ಬನೂ ಚರ್ಮದ ವಿಷಯದಲ್ಲಿ ಅರ್ಧ ವೈದ್ಯ. ತರಕಾರಿಯವಳು ಬೇವಿನ ಸೊಪ್ಪು ಎಂದಳು, ಪೇಪರಿನವನು ಹೊಂಗೆ ಎಣ್ಣೆ ಎಂದ. ನಮ್ಮ ಹೆಡ್‌ಮಾಸ್ಟರು ಸ್ವಂತ ಕಾಲಿಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮಿನ ಟ್ಯೂಬನ್ನೇ ಕೊಟ್ಟರು. ಕೆಂಚ ಎಲ್ಲವನ್ನೂ ಹಚ್ಚಿಸಿಕೊಂಡ, ನೆಕ್ಕಿದ, ಮತ್ತೆ ಕೆರೆದುಕೊಂಡ.

ಇಷ್ಟೇ ಆಗಿದ್ದರೆ ಇದು ಕೆಂಚನ ಸ್ವಂತ ವಿಷಯ. ಆದರೆ ಮಹಡಿಯ ಮೇಲೆ ಮನೆಯ ಒಡತಿ ಗೌರಮ್ಮನವರಿದ್ದಾರೆ, ಅವರಿಗೆ ಅಂಗಳದಲ್ಲಿ ಹೊರಳಾಡುವ ಇಬ್ಬರು ಮೊಮ್ಮಕ್ಕಳಿದ್ದಾರೆ. ಒಂದು ದಿನ ಅವರು ಮೆಟ್ಟಿಲ ಮೇಲೆ ನಿಂತು, “ಮೇಷ್ಟ್ರೇ, ಕಜ್ಜಿ ನಾಯಿ ಅದು. ಮಕ್ಕಳಿಗೆ ಅಂಟ್ಕಂಡ್ರೆ ನಾನ್ ಯಾರ್ನ ಕೇಳ್ಳಿ? ಉಗಾದಿ ಗಂಟ ನೋಡ್ತೀನಿ ಕಣ್ರಪ್ಪ. ಆಮೇಲೆ ನಾಯಿ ಇಲ್ದಂಗ್ ಮಾಡಿ” ಎಂದರು. ಕೆಟ್ಟ ಮನುಷ್ಯರಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇಷ್ಟು ಮರ್ಯಾದೆಯಿಂದ ಹೇಳುತ್ತಿರಲಿಲ್ಲ ಅಷ್ಟೆ. ತಾಂಡವಪುರದಲ್ಲಿ ಬೇಸಾಯ ಮಾಡಿಕೊಂಡಿರುವ ಬಾಮೈದ ಮಹದೇವ, “ತಕ್ಕಳಿ ಭಾವ, ಪಂಪ್‌ಸೆಟ್ ತಾವ ಕಟ್ಕತೀನಿ” ಎಂದ. ಮಂಚದ ಕೆಳಗೆ ಮಲಗುವ ನಾಯಿಯನ್ನು ಪಂಪ್‌ಸೆಟ್ಟಿಗೆ ಕಟ್ಟುವುದು! ಸುಮಿತ್ರ ಮರುದಿನ ದೇವಸ್ಥಾನಕ್ಕೆ ಹೋಗಿ ಬಂದು, ಕೆಂಚ ವಾಸಿಯಾಗುವ ತನಕ ಸೋಮವಾರ ಒಪ್ಪತ್ತು ಎಂದಳು.

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತು ಊಟ. ಇನ್ನೊಂದು ಹೊತ್ತು ಉಪವಾಸ ಎಂದು ನೀವು ತಿಳಿದರೆ ನೀವು ನಮ್ಮ ಸೀಮೆಯವರಲ್ಲ. ನಮ್ಮಲ್ಲಿ ಊಟ ಎಂದರೆ ಅನ್ನ ಅಥವಾ ಮುದ್ದೆ. ಇವೆರಡನ್ನು ಮುಟ್ಟದೆ ಹೊಟ್ಟೆಗೆ ಹೋದದ್ದೆಲ್ಲ ಫಲಾಹಾರ, ದೇವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸೋದರತ್ತೆಯೊಬ್ಬರು ಐದು ದೋಸೆ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಮುಗಿಸಿ, “ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ ಕಣಪ್ಪ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಅದು ಸುಳ್ಳಲ್ಲ. ನಂಬಿಕೆಯಿಂದ ಆಡಿದ ಮಾತು. ನಮ್ಮ ಮನೆಯಲ್ಲಿ ಸೋಮವಾರ ಸಂಜೆಯ ಫಲಾಹಾರ ಉಪ್ಪಿಟ್ಟು. ಹರಕೆಯಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಸುಮಿತ್ರಳ ಉಪ್ಪಿಟ್ಟಿನಲ್ಲಿ ಬಲವಾದ ನಂಬಿಕೆ. ಹಾಗಾಗಿ ನಾನೂ ಜೊತೆಗೂಡಿದೆ.

ಸಂಕ್ರಾಂತಿ ಕಳೆದ ಮೊದಲ ಶನಿವಾರ, ಅರ್ಧ ದಿನದ ಶಾಲೆ. ಕೆಂಚನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ನರಸೀಪುರಕ್ಕೆ ಹೋಗಿ, ಶಾಲೆ ಬಿಟ್ಟ ಮೇಲೆ ಅಲ್ಲಿನ ಒಬ್ಬ ಪಶುವೈದ್ಯೆಗೆ ತೋರಿಸಿದೆ. ಡಾಕ್ಟರಮ್ಮ ನಿಧಾನದ ಹೆಂಗಸು. ಬ್ಲೇಡಿನಿಂದ ಚರ್ಮ ತುಸು ಕೆರೆದು, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕಜ್ಜಿಯಲ್ಲ, ಹುಳವಿಲ್ಲ, ಯಾರಿಗೂ ಅಂಟುವುದಿಲ್ಲ ಎಂದರು. ತಿನ್ನುವುದರಲ್ಲಿ ಏನೋ ಒಂದು ಅವನಿಗೆ ಒಗ್ಗುತ್ತಿಲ್ಲ. ಎಂಟು ವಾರ ಬರೀ ಅನ್ನ, ಉಪ್ಪು ಖಾರವಿಲ್ಲದೆ ಬೇಯಿಸಿದ ಮೀನು, ನೀರು. ಬೇರೆ ಏನೂ ಕೂಡದು. ತುರಿಕೆ ನಿಂತರೆ ಆಮೇಲೆ ಒಂದೊಂದಾಗಿ ಹಾಕಿ ಕಳ್ಳನನ್ನು ಹಿಡಿಯೋಣ ಎಂದರು. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಇದು ಔಷಧವಲ್ಲ, ಪ್ರಯೋಗ! ಬರುವ ದಾರಿಯಲ್ಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಅಂಟುವ ರೋಗವಲ್ಲವಂತೆ ಎಂದು ಗೌರಮ್ಮನವರಿಗೆ ಹೇಳಿದರೆ, ಮೈ ವಾಸಿಯಾದದ್ದನ್ನು ಕಣ್ಣಾರೆ ಕಂಡ ಮೇಲೆ ನಂಬುತ್ತೇನೆ ಎಂದರು.

ಆ ನೋಟ್‌ಬುಕ್ಕನ್ನು ನೀವು ನೋಡಬೇಕು. ದಿನ, ಹೊತ್ತು, ಆಹಾರ, ಎಷ್ಟು ಸಲ ಕೆರೆದುಕೊಂಡ, ಎಲ್ಲೆಲ್ಲಿ ಕೆಂಪು — ಐದು ಅಂಕಣ, ಎರಡು ಬಣ್ಣದ ಶಾಯಿ. ಸೋಮವಾರ ನಮ್ಮ ಮನೆಯಲ್ಲಿ ಮೀನು ಒಳಗೆ ಬರುವಂತಿಲ್ಲವಾದ್ದರಿಂದ ಅಂದು ಮಾತ್ರ ‘ಬರೀ ಅನ್ನ’ ಎಂದು ಬರೆದೆ. ಮೂರು ವಾರ ಕಳೆಯುವಷ್ಟರಲ್ಲಿ ಪುಸ್ತಕ ಮಾತಾಡಲು ಶುರುಮಾಡಿತು. ಭಾನುವಾರದ ಹೊತ್ತಿಗೆ ಕೆಂಚ ಎಷ್ಟೋ ವಾಸಿ, ಮಂಗಳವಾರ ಬಂತೆಂದರೆ ಮೈಯೆಲ್ಲ ಕೆಂಪು. ಮಂಗಳವಾರ ಏನು ವಿಶೇಷ? ಕಿಟಕಿಯಿಂದ ನೋಡಿದರೆ ಗೌರಮ್ಮನವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳಕ್ಕೆ ಫಿನಾಯಿಲ್ ಸುರಿದು ತೊಳೆಯುತ್ತಿದ್ದರು! ನಾನು ಪುಸ್ತಕ ಹಿಡಿದು ಮೆಟ್ಟಿಲು ಹತ್ತಿ, ಗೆರೆ ತೋರಿಸಿ, ಅವರ ಫಿನಾಯಿಲೇ ಕಾರಣ ಎಂದು ವಿನಯದಿಂದ ಸಾಬೀತುಪಡಿಸಿಬಿಟ್ಟೆ. ಅವರು ಶುಕ್ರವಾರವೂ ಅದೇ ಫಿನಾಯಿಲ್ ಹಾಕುತ್ತಿದ್ದರು, ಶನಿವಾರ ಕೆಂಚ ಚೆನ್ನಾಗಿಯೇ ಇರುತ್ತಿದ್ದ. ಅದೂ ನನ್ನ ಪುಸ್ತಕದಲ್ಲೇ ಇತ್ತು, ಹಸಿರು ಶಾಯಿಯಲ್ಲಿ. ಬೇಕಾದ ಉತ್ತರ ಸಿಕ್ಕಮೇಲೆ ಹಸಿರು ಶಾಯಿ ಯಾರಿಗೆ ಕಾಣುತ್ತದೆ? ಗೌರಮ್ಮ ನನ್ನನ್ನು ದಿಟ್ಟಿಸಿ ನೋಡಿ, ಬಾಟಲಿಯ ಮುಚ್ಚಳ ತಿರುಗಿಸಿ ಒಳಗಿಟ್ಟರು. ಅಂದಿನಿಂದ ಬರೀ ನೀರಿನಲ್ಲಿ ತೊಳೆದರು, ನನ್ನ ಜೊತೆ ಮಾತು ಬಿಟ್ಟರು.

ಫಿನಾಯಿಲ್ ನಿಂತರೂ ತುರಿಕೆ ನಿಲ್ಲಲಿಲ್ಲ. ಸುಮಿತ್ರ, ದೇವರಿಗೆ ತನ್ನ ಮೊರೆ ಸಾಲದೇನೋ ಎಂದುಕೊಂಡು ಶನಿವಾರಕ್ಕೂ ಒಂದು ಒಪ್ಪತ್ತು ಸೇರಿಸಿದಳು. ಈಗ ಭಾನುವಾರವೂ ಕೆಂಪು! ಯುಗಾದಿಗೆ ಏಳು ವಾರ ಉಳಿದಿತ್ತು. ಮಹದೇವ ಫೋನು ಮಾಡಿ, ಸರಪಳಿ ತಂದಿಟ್ಟಿದ್ದೇನೆ ಎಂದ. ಆ ದಿನ ನಾನು ಎಂಟನೇ ತರಗತಿಗೆ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ. ಪಂಪ್‌ಸೆಟ್ಟಿನ ಸದ್ದಿಗೆ ಬೆದರಿ ಕೂತ ಕೆಂಚನೇ ಕಣ್ಣಮುಂದೆ.

ಮರುದಿನ ಕೆಂಚನನ್ನೂ ನೋಟ್‌ಬುಕ್ಕನ್ನೂ ಹೊತ್ತು ಮತ್ತೆ ಡಾಕ್ಟರಮ್ಮನ ಮುಂದೆ ಕೂತೆ. ಅವರು ಒಂದೊಂದೇ ಪುಟ ತಿರುವಿ, ಅಕ್ಷರ ಚೆನ್ನಾಗಿದೆ ಎಂದರು. ನಾನು ಸ್ವಲ್ಪ ಉಬ್ಬಿದೆ. ಆಮೇಲೆ ಕನ್ನಡಕ ತೆಗೆದು, “ಮೇಷ್ಟ್ರೇ, ಇದ್ರಲ್ಲಿ ನಾಯಿ ಊಟ ಇದೆ. ಸೋಮವಾರ ಸಂಜೆ ನೀವೇನ್ ತಿಂತೀರಿ?” ಎಂದು ಕೇಳಿದರು.

“ನಾವೇನೂ ತಿನ್ನಲ್ಲ ಮೇಡಂ. ಮನೇಲಿ ಒಪ್ಪತ್ತು.”

“ನಮ್ಮತ್ತೇನೂ ಒಪ್ಪತ್ತು ಮಾಡ್ತಾರೆ. ಏನ್ ಮಾಡ್ಕೊಂಡು ಏನೂ ತಿನ್ನಲ್ಲ?”

“ಉಪ್ಪಿಟ್ಟು,” ಎಂದೆ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಮೇಜಿನ ಕೆಳಗಿಂದ ಪಟ ಪಟ ಪಟ ಎಂದು ಸದ್ದು. ಕೆಂಚ ಬಾಲ ಬಡಿಯುತ್ತಿದ್ದ. ಡಾಕ್ಟರಮ್ಮ ಅವನನ್ನು ನೋಡಿದರು, ಆಮೇಲೆ ನನ್ನನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಆ ಕ್ಷಣದಲ್ಲಿ ನನ್ನ ಬೆರಳುಗಳನ್ನು ಜೇಬಿಗೆ ತುರುಕಿಕೊಂಡೆ.

ಕೊಡುತ್ತಿದ್ದೆ. ಹೌದು, ಕೊಡುತ್ತಿದ್ದೆ. ಮಿಕ್ಕ ದಿನ ಮೀನಿನ ವಾಸನೆಗೆ ಕೆಂಚ ತಟ್ಟೆಯನ್ನೇ ಹೊಳಪು ಬರುವಂತೆ ನೆಕ್ಕುತ್ತಾನೆ. ಒಪ್ಪತ್ತಿನ ದಿನ ಬರೀ ಅನ್ನವನ್ನು ಮೂಸಿ, ಬಂದು ನನ್ನ ಮೊಣಕಾಲಿಗೆ ಗದ್ದ ಆನಿಸುತ್ತಾನೆ. ಒಂದು ಚೂರು, ಎರಡು ಚೂರು. ಉಪ್ಪಿಟ್ಟೆಂದರೆ ಗೋಧಿ ರವೆ ಎಂದು ಹೊಳೆಯಲಿಲ್ಲವೇ? ಇಲ್ಲ. ಮನುಷ್ಯರಿಗೇ ಊಟವಲ್ಲದ್ದು ನಾಯಿಗೆ ಹೇಗೆ ಊಟವಾದೀತು? ಈ ಕೈಯಲ್ಲಿ ಚೂರು ಹಾಕಿ, ಒರೆಸಿಕೊಂಡು, ಅದೇ ಕೈಯಲ್ಲಿ ‘ಬರೀ ಅನ್ನ’ ಎಂದು ದುಂಡಗೆ ಬರೆದಿದ್ದೆ. ಹತ್ತಕ್ಕೆ ಹತ್ತು.

ಮನೆಗೆ ಬಂದು ಹೇಳಿದಾಗ ಸುಮಿತ್ರ ಅಡುಗೆಮನೆಯ ಹೊಸಿಲ ಮೇಲೆ ಕೂತುಬಿಟ್ಟಳು. “ನೀವೂ ಕೊಡ್ತಿದ್ರಾ? ನಾನ್ ಒಬ್ಳೇ ಅಂದ್ಕಂಡಿದ್ನಲ್ಲ!” ಎಂದಳು. ಬಡಿಸುವ ಮುಂಚೆ ಬಾಣಲೆಯಿಂದ ಒಂದು ಹಿಡಿ ಅವಳೂ ಹಾಕುತ್ತಿದ್ದಳಂತೆ, ದೇವರ ಹೆಸರಿನಲ್ಲಿ ಮಾಡಿದ್ದು, ಅವನಿಗೆ ಕೊಡದೆ ಹೇಗೆ ಎಂದು. ನಾನು ನಗಲು ಹೊರಟೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ನಾನ್ ಬೇಡ್ಕಂಡಿದ್ದೇ ಅವ್ನಿಗೆ ಮುಳುವಾಯ್ತಲ್ಲ ಕಣ್ರೀ” ಎಂದಳು. ನಾನು ಪುಸ್ತಕ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ. ಕೆಂಚ ಬಂದು ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತ.

ಮುಂದಿನ ಸೋಮವಾರದಿಂದ ಫಲಾಹಾರಕ್ಕೆ ಅವಲಕ್ಕಿ ಬಂತು. ದೇವರು ಆಕ್ಷೇಪಿಸಿದ ಸುದ್ದಿಯಿಲ್ಲ. ಎರಡು ವಾರಕ್ಕೆ ಕೆಂಪು ಇಳಿಯಿತು, ನಾಲ್ಕು ವಾರಕ್ಕೆ ಪಕ್ಕೆಯ ಮೇಲೆ ಹೊಸ ಕೂದಲು ಹುಲ್ಲಿನ ಮೊಳಕೆಯಂತೆ ಎದ್ದಿತು. ಡಾಕ್ಟರಮ್ಮ ಹೇಳಿದಂತೆ ಒಂದೇ ಒಂದು ಸಲ ಒಂದು ತುಂಡು ಚಪಾತಿ ಕೊಟ್ಟು ನೋಡಿದೆವು. ಮರುದಿನವೇ ಹೊಟ್ಟೆಯ ಮೇಲೆ ಗುಳ್ಳೆ, ಇಳಿಯಲು ಒಂದು ವಾರ. ಕಳ್ಳ ಸಿಕ್ಕಿದ, ಜೊತೆಗೆ ಅವನಿಗೆ ಬಾಗಿಲು ತೆರೆದ ಇಬ್ಬರು ಮನೆಗಳ್ಳರೂ ಸಿಕ್ಕಿದ್ದರು.

ಯುಗಾದಿಗೆ ಎರಡು ದಿನ ಮುಂಚೆ ಮಹದೇವ ಗೂಡ್ಸ್ ಆಟೋ ತಂದು ನಿಲ್ಲಿಸಿದ. ಗೌರಮ್ಮನವರೂ ಕೆಳಗಿಳಿದು ಬಂದರು. ನಾನು ಮೊದಲು ಫಿನಾಯಿಲಿನ ವಿಷಯಕ್ಕೆ ಕೈಮುಗಿದು ತಪ್ಪೊಪ್ಪಿಕೊಂಡು, ನಿಜವಾದ ಕಳ್ಳ ಗೋಧಿ ಎಂದೆ. ಅವರು ಕಿವಿಗೇ ಹಾಕಿಕೊಳ್ಳದೆ, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಕೆಂಚನನ್ನು ಅಂಗಾತ ಮಾಡಿ, ಹೊಟ್ಟೆ, ಕಂಕುಳು, ಕಿವಿ ಎಲ್ಲ ನೋಡಿದರು. ಸುಮಿತ್ರ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಇರ್ಲಿ ಬುಡಿ,” ಎಂದರು ಗೌರಮ್ಮ, “ನಂಗೂ ಮಕ್ಕಳಿಗೂ ಅಭ್ಯಾಸ ಆಗೋಗದೆ.” ಮಹದೇವನಿಗೆ ಕಾಫಿಯ ಜೊತೆ ರಸ್ಕು ಕೊಟ್ಟೆವು. ಅವನು ಒಂದು ತುದಿ ಮುರಿದು ಕೆಂಚನ ಕಡೆ ಚಾಚಿದ್ದೇ ತಡ, ಮೂವರೂ ಒಟ್ಟಿಗೆ ಕೂಗಿಕೊಂಡೆವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಗೌರಮ್ಮ. “ಒಂದ್ ಚೂರ್ ತಾನೇ!” ಎಂದು ಅವನು ಬೆಪ್ಪಾಗಿ, ಖಾಲಿ ಆಟೋದಲ್ಲಿ ಸರಪಳಿ ಗಲಗಲ ಅನ್ನಿಸಿಕೊಂಡು ಊರಿಗೆ ಹೋದ.

ಆ ಒಂದು ಚೂರನ್ನು ಕೊಡದೆ ಇರುವುದು ಎಷ್ಟು ಕಷ್ಟ ಎಂದು ಈಗ ತಿಳಿಯುತ್ತಿದೆ. ಪ್ರೀತಿ ಎಂದರೆ ಕೊಡುವುದು ಎಂದಷ್ಟೇ ನಮಗೆಲ್ಲ ಕಲಿಸಿದ್ದಾರೆ, ಕೊಡದೆ ಪ್ರೀತಿಸುವುದನ್ನು ನಾನು ಐವತ್ತರ ಹತ್ತಿರ ಬಂದು ಅಭ್ಯಾಸ ಮಾಡುತ್ತಿದ್ದೇನೆ. ಮನೆಯಲ್ಲಿ ಚಪಾತಿಯಾದ ದಿನ ಗೋಡೆಯ ಕಡೆ ಮುಖ ಮಾಡಿ ಕೂತು ತಿನ್ನುತ್ತೇನೆ. ಕೆಂಚ ಹಿಂದೆ ಕೂತು ನನ್ನನ್ನೇ ನೋಡುತ್ತಿರುತ್ತಾನೆ. ಅವನ ಮೈಯ ತುರಿಕೆ ಪೂರ್ತಿ ಹೋಗಿದೆ. ಈಗ ತುರಿಸುವುದು ನನ್ನ ಬೆನ್ನು.