ಕತ್ತರಿ ಆರಿಸಿದ ಮೈಕು

ಹೊಲಿಗೆಯಮ್ಮನ ಹತ್ತಿರ ಅಂಗಿ ಹೊಲಿಸಿದರೆ ಎರಡು ಹಾಡು ಬಿಟ್ಟಿ, ಕೋಟು ಹೊಲಿಸಿದರೆ ನಾಲ್ಕು ಎಂದು ನೆರೆಹೊರೆಯವರು ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಮೆಷಿನ್ನಿನ ಚಕ್ರ ತಿರುಗಿತೆಂದರೆ ಅವಳ ಗಂಟಲೂ ತೆರೆಯಿತೆಂದೇ ಲೆಕ್ಕ. ಹೇಳಿದ ದಿನಕ್ಕೆ ಬಟ್ಟೆ ಸಿಗದವರು ಜಗಳಕ್ಕೆಂದು ಬಂದು, ಬಾಗಿಲಲ್ಲೇ ಹಾಡು ಕೇಳುತ್ತ ನಿಂತು, ಬಂದ ಕೆಲಸ ಮರೆತು ಹೋಗುತ್ತಿದ್ದರು.

ಹಾಡೆಲ್ಲ ಅವಳ ಅಮ್ಮನವು. ಬರೆದಿಟ್ಟವರಿಲ್ಲ. ಅಮ್ಮ ಹೋದ ಮೇಲೆ ಅವು ಉಳಿದದ್ದು ಅವಳದು, ಅವಳ ಅಕ್ಕನದು, ಎರಡೇ ಬಾಯಲ್ಲಿ. ಬೇರೆ ಊರಿನಲ್ಲಿದ್ದ ಅಕ್ಕನಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಅಂದಿನಿಂದ ಅವಳ ಮಾತೆಲ್ಲ ಫೋನಿನಲ್ಲಿ ಬರೆದು ಕಳಿಸುವುದೇ. ಅಮ್ಮನ ಹಾಡು ಇನ್ನು ನಿನ್ನೊಬ್ಬಳ ಬಾಯಲ್ಲಿದೆ, ಎಲ್ಲವನ್ನೂ ಹಾಡಿ ಕಳಿಸು ಎಂದು ಬರೆದಳು. ತಂಗಿ ಫೋನಿಗೇ ಹಾಡಿ ಕಳಿಸಿದಳು. "ಡಬ್ಬದೊಳಗೆ ಜೀರುಂಡೆ ಬಿದ್ದ ಹಾಗಿದೆ ಕಣೇ. ಒಳ್ಳೇ ಮೈಕು ತಗೋ" ಎಂದು ಉತ್ತರ ಬಂತು.

ಅಂಗಡಿಯಲ್ಲಿ, ಹಿಂದಿನ ಕಾಲದ ಗಾಯಕರ ಮುಂದೆ ನಿಲ್ಲುತ್ತಿದ್ದಂಥ ಮೈಕುಗಳು ಮೂರಿದ್ದವು. ಎಲ್ಲವೂ ಹೊಸವೇ, ವೇಷ ಮಾತ್ರ ಅಜ್ಜಿಯರದು. ಒಂದು ಬೆಳ್ಳಿಯಂತೆ ಹೊಳೆಯುತ್ತಿತ್ತು, ಒಂದು ಚಿನ್ನದ ಬಣ್ಣದ್ದು, ಇನ್ನೊಂದು ತಂತಿಬಲೆಯ ತಲೆಯ ದಪ್ಪ ಬೂದು ಕೊಳವೆ. ಅಂಗಡಿಯವನು ಬೆಳ್ಳಿಯದನ್ನೇ ಹೊಗಳಿದ. ಅವಳು ಚೀಲದಿಂದ ತನ್ನ ಕತ್ತರಿಯನ್ನೂ ನಾಲ್ಕು ತುಂಡು ಬಟ್ಟೆಯನ್ನೂ ತೆಗೆದು ಅವನ ಕೈಗಿತ್ತು, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಒಂದೊಂದು ಮೈಕಿನ ಮುಂದೆಯೂ ಇವನ್ನು ಕತ್ತರಿಸಬೇಕು, ಯಾವ ಬಟ್ಟೆ ಎಂದು ಬಾಯಿ ಬಿಡಬಾರದು ಎಂಬುದು ಅವಳ ಷರತ್ತು.

ನಲವತ್ತು ವರ್ಷ ಕತ್ತರಿ ಆಡಿಸಿದವಳ ಕಿವಿಗೆ ಹತ್ತಿಯ ಸದ್ದೇ ಬೇರೆ, ಉಣ್ಣೆಯದೇ ಬೇರೆ. ಬೆಳ್ಳಿಯದರಲ್ಲಿ ಎಲ್ಲವೂ ರೇಷ್ಮೆ. ಚಿನ್ನದ್ದರಲ್ಲಿ ರೇಷ್ಮೆಯೂ ಗೋಣಿತಾಟು. ಬೂದು ಬಣ್ಣದ್ದರಲ್ಲಿ ಮಾತ್ರ ಹತ್ತಿ ಹತ್ತಿಯಾಗಿಯೇ ಕೇಳಿಸಿತು.

"ಇದು ಸುಳ್ಳು ಹೇಳಲ್ಲ. ಇದನ್ನೇ ಕಟ್ಕೊಡಪ್ಪ."

"ಹಾಡಿ ನೋಡಲ್ವಾ ಅಮ್ಮಾ?"

"ನನ್ನ ಹಾಡು ನಂಗೆ ಎಲ್ಲದರಲ್ಲೂ ಚೆನ್ನಾಗೇ ಕೇಳುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು."

ಮನೆಯಲ್ಲಿ ದನಿ ಗೋಡೆಗೆ ಬಡಿದು ಮರಳದಿರಲೆಂದು ಗಿರಾಕಿಗಳ ಉಣ್ಣೆಯ ಕೋಟುಗಳನ್ನು ಸುತ್ತ ತೂಗುಹಾಕಿದಳು. ಕಸೂತಿಗೆ ಬಟ್ಟೆ ಬಿಗಿಯುವ ಬಳೆಗೆ ಹಳೆಯ ತೆಳು ಕಾಲುಚೀಲ ಬಿಗಿದು, ಬಾಯುಸಿರು ನೇರ ತಾಕದಂತೆ ಅಡ್ಡ ಇಟ್ಟಳು. ವೇದಿಕೆಯ ಹಾಡುಗಾರರಂತೆ ಮೈಕಿನ ನೆತ್ತಿಯನ್ನು ಬಾಯಿಗೆ ತಿರುಗಿಸಿ ಹಾಡಿದಳು. ಕೇಳಿದರೆ ದನಿ ಬಾವಿಯ ತಳದಿಂದ ಬರುತ್ತಿತ್ತು. ಮೂರು ದಿನ ಹಾಡಿದರೂ ಅದೇ ಬಾವಿ. ಮೈಕು ಸುಳ್ಳು ಹೇಳುವುದಿಲ್ಲವೆಂದು ತಾನೇ ಅಂದದ್ದಾಗಿದೆ. ಹಾಗಾದರೆ ಅಕ್ಕನ ದನಿಯ ಹಿಂದೆ ತನ್ನ ದನಿಯೂ ಹೋಯಿತು, ಅಮ್ಮನ ಹಾಡಿಗೆ ಇನ್ನು ಬಾಯಿಯೇ ಇಲ್ಲ ಎಂದುಕೊಂಡಳು.

ಮೆಷಿನ್ನು ಮೂಕವಾಗಿ ತಿರುಗಿತು. ಬಟ್ಟೆ ಕೇಳಲು ಬಂದವರಿಗೆ ಜಗಳದ ನೆನಪು ಬರತೊಡಗಿತು.

ಪಕ್ಕದ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ, ಅವಳು ಅಣ್ಣ ಎಂದು ಕರೆಯುವ ನೆರೆಯವನು ಬಂದು, ಕೀ ಮುಗಿದು ನಿಂತುಹೋದೆಯಾ ಎಂದು ಕೆಣಕಿದ. ಅವಳು ಮೈಕು ತೋರಿಸಿದಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದ. ಪಕ್ಕದಲ್ಲಿ ಸಾಸಿವೆಯಷ್ಟು ಹೃದಯದ ಗುರುತು ಸಿಕ್ಕಿತು.

"ತಂಗೀ, ಈ ಗುರುತಿರೋ ಪಕ್ಕದಿಂದಲೇ ಇದು ಕೇಳಿಸ್ಕೊಳ್ಳೋದು. ಇದರ ಕಿವಿ ಇರೋದು ಎದೆ ಮೇಲೆ. ನೀನು ಮೂರು ದಿನದಿಂದ ಇದರ ಬೋಳು ತಲೆಗೆ ಹಾಡ್ತಾ ಇದೀಯ."

ಅಂಗಡಿಯವನು ಕತ್ತರಿ ಹಿಡಿದದ್ದು ಆ ಗುರುತಿನೆದುರೇ ಇರಬೇಕು. ಕಣ್ಣು ಮುಚ್ಚಿ ಮೈಕು ಕೊಂಡವಳಿಗೆ ಅದು ಕಾಣುವುದೆಲ್ಲಿಂದ? ನಗುತ್ತಲೇ ಮೈಕನ್ನು ನೆಟ್ಟಗೆ ನಿಲ್ಲಿಸಿ, ಗುರುತಿನಿಂದ ಒಂದು ಗೇಣು ದೂರ ಕೂತು ಹಾಡಿದಳು. ಈ ಸಲ ದನಿ ಬಾವಿಯಿಂದ ಎದ್ದು ಬಂದು ಪಕ್ಕದಲ್ಲೇ ಕೂತಿತು. ಅಮ್ಮನ ಇಪ್ಪತ್ತೆರಡು ಹಾಡೂ ಅಕ್ಕನಿಗೆ ಹೋದವು.

ಉತ್ತರಕ್ಕೆ ಎರಡು ದಿನ ಹಿಡಿಯಿತು. "ಎದುರಿಗೇ ಕೂತು ಹಾಡಿದ ಹಾಗಿದೆ. ಅದಕ್ಕೇ ತಪ್ಪೂ ಚೆನ್ನಾಗಿ ಕೇಳಿಸ್ತು. ಮೊದಲನೇ ಹಾಡಿನ ಮೂರನೇ ಸಾಲನ್ನ ಅಮ್ಮ ಹಾಗೆ ಎಳೀತಿರಲಿಲ್ಲ. ಇದು ಬರೆದು ತಿಳಿಸೋ ವಿಷಯ ಅಲ್ಲ. ಮೆಷಿನ್ನು ಕಟ್ಕೊಂಡು ಇಲ್ಲಿಗೇ ಬಂದ್ಬಿಡು. ಎಲ್ಲಿ ಎಳೀಬೇಕು ಅಂತ ಕೈಯಾಡಿಸಿ ತೋರಿಸ್ತೀನಿ."

ಅವಳು ಕೋಟುಗಳನ್ನೆಲ್ಲ ಹೊಲಿದು ಮುಗಿಸಿ ಮನೆ ಮನೆಗೆ ಮುಟ್ಟಿಸಿದಳು. ಮೆಷಿನ್ನು ಗಾಡಿ ಹತ್ತಿತು. ಬೀಗದ ಕೈಯನ್ನು ಗಡಿಯಾರದಣ್ಣನ ಅಂಗೈಗಿಟ್ಟು, ತನ್ನ ಹಳೆಯ ಕೋಟಿನ ತೋಳಿನಲ್ಲಿ ಮೈಕನ್ನು ತೂರಿಸಿ ಕಂಕುಳಿಗೆ ಅವಚಿಕೊಂಡಳು. ಮೂರನೇ ಸಾಲನ್ನು ಒಮ್ಮೆ ಹಾಗೆ ಎಳೆದು, ಒಮ್ಮೆ ಹೀಗೆ ಮೊಟಕು ಮಾಡಿ ಹಾಡುತ್ತ ಮೆಟ್ಟಿಲಿಳಿದಳು.