ಕೊಬ್ಬರಿ ಹೆಚ್ಚಿದ ಕೈ

ಬಾಯಿ ಬಿಟ್ಟವಳು ನಾನು, ಸುಬ್ಬತ್ತೆಯಲ್ಲ. ಈ ಒಂದು ಮಾತನ್ನು ಆ ದಿನವೇ ಒಪ್ಪಿಕೊಂಡಿದ್ದರೆ ಒಬ್ಬ ಹೆಂಗಸಿಗೆ ತವರುಮನೆ ಉಳಿಯುತ್ತಿತ್ತು. ಒಪ್ಪಿಕೊಳ್ಳಲಿಲ್ಲ. ಕೇಳಬೇಕಾದವರೆಲ್ಲ ಹೋದ ಮೇಲೆ ಈಗ ಹೇಳುತ್ತಿದ್ದೇನೆ — ಇದರಲ್ಲಿ ಧೈರ್ಯವೇನೂ ಇಲ್ಲ, ಅದು ನನಗೆ ಗೊತ್ತು.

ಸುಬ್ಬತ್ತೆ ಅಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿ ಕುಣಿಗಲ್ಲಿಗೆ ಹೋದವಳು ಗಂಡ ತೀರಿಕೊಂಡ ಮೇಲೆ ತುಮಕೂರಿನ ನಮ್ಮ ಮನೆಗೆ ಬಂದಳು. ನಾನು ಹುಟ್ಟುವ ಮೊದಲೇ ಬಂದಿದ್ದಳು, ಹಾಗಾಗಿ ಅವಳಿಲ್ಲದ ಮನೆ ಹೇಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಐವತ್ತರ ದಶಕದಲ್ಲಿ ನಮ್ಮಂಥವರ ಮನೆಗಳ ಕಟ್ಟುಪಾಡು ವಿಚಿತ್ರವಾದದ್ದು. ಅತ್ತೆ ಮಡಿಯುಟ್ಟು ಮಾಡಿದ ಅಡುಗೆ ದೇವರಿಗೂ ಆಗುತ್ತಿತ್ತು, ನಮಗೂ ಆಗುತ್ತಿತ್ತು. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಮಾತ್ರ ಅವಳ ಕೈ ಆಗುತ್ತಿರಲಿಲ್ಲ. ಎಳ್ಳು ಬೀರುವುದು ಮುತ್ತೈದೆಯರ, ಹೆಣ್ಣುಮಕ್ಕಳ ಸಂಭ್ರಮ. ಅರಿಶಿನ ಕುಂಕುಮದ ಜೊತೆ ಮನೆಮನೆಗೆ ಹೋಗುವ ತಟ್ಟೆ ಅದು. ಗಂಡ ಸತ್ತವಳು ಅದನ್ನು ಮುಟ್ಟಕೂಡದು.

ಆದರೆ ನಮ್ಮ ಮನೆಯಲ್ಲಿ ಮುಟ್ಟುತ್ತಿದ್ದವಳು ಅವಳೇ. ಅಮ್ಮನಿಗೆ ಅಷ್ಟು ಸಣ್ಣಗೆ ಹೆಚ್ಚಲು ಬರುತ್ತಿರಲಿಲ್ಲ, ಸಮಾಧಾನವೂ ಇರಲಿಲ್ಲ. ಹಬ್ಬ ಹತ್ತಿರ ಬಂತೆಂದರೆ ಅವಳು ಕೊಬ್ಬರಿ ಗಿಟುಕುಗಳನ್ನೂ ಬೆಲ್ಲದ ಅಚ್ಚುಗಳನ್ನೂ ಹಿತ್ತಲ ಕೋಣೆಯಲ್ಲಿ ಅತ್ತೆಯ ಮುಂದಿಟ್ಟು, ಬಾಗಿಲು ಎಳೆದುಕೊಂಡು ಬರುತ್ತಿದ್ದಳು. ಅತ್ತೆ ಕೊಬ್ಬರಿಯ ಬೆನ್ನಿನ ಕಪ್ಪು ಸಿಪ್ಪೆಯನ್ನು ಚೂರೂ ಉಳಿಯದಂತೆ ಕೆರೆದು, ತೆಳ್ಳಗೆ ಸೀಳಿ, ಹುರಿಗಡಲೆಯ ಗಾತ್ರಕ್ಕೆ ಹೆಚ್ಚುತ್ತಿದ್ದಳು. ಬೆಲ್ಲವನ್ನು ಅಡಕೊತ್ತಿನಲ್ಲಿ ಕತ್ತರಿಸುತ್ತಿದ್ದಳು — ಪುಡಿಯಾಗಬಾರದು, ಅಂಟಬಾರದು. ಅಷ್ಟು ಹೊತ್ತಿಗೆ ಅವಳ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಎಲ್ಲವನ್ನೂ ಬಿಳಿ ಪಂಚೆಯ ಮೇಲೆ ಬಿಸಿಲಿಗೆ ಹರವುವ ಕೆಲಸ ಅಮ್ಮನದು, ಬೀದಿಯವರು ನೋಡಲಿ ಎಂದು. ಆಮೇಲೆ ಹುರಿದ ಎಳ್ಳು, ಸಿಪ್ಪೆ ತೆಗೆದ ಕಡಲೆಬೀಜ ಬೆರೆತು ಅದು ನಮ್ಮಮ್ಮನ ಎಳ್ಳಾಗುತ್ತಿತ್ತು. ಬೀದಿಯೆಲ್ಲ ಅಮ್ಮನ ಕೈಯನ್ನು ಹೊಗಳುತ್ತಿತ್ತು.

“ಯಾರಾದ್ರೂ ಕೇಳಿದ್ರೆ ಅಮ್ಮ ಮಾಡಿದ್ದು ಅನ್ನು. ತಿಳೀತಾ?” ಎಂದು ತಟ್ಟೆ ಕೊಡುವಾಗ ಅಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ತಿಳಿಯದೆ ಆಡಿದೆ ಎಂದು ನಾನು ಹೇಳುವಂತಿಲ್ಲ. ನನಗೆ ಚೆನ್ನಾಗಿ ತಿಳಿದಿತ್ತು.

ಆ ವರ್ಷ ನನಗೆ ಹನ್ನೊಂದು ತುಂಬಿತ್ತು, ದೊಡ್ಡವಳಾದೆನೆಂಬ ಜಂಬ. ಹಠ ಮಾಡಿ ಅತ್ತೆಯ ಪಕ್ಕ ಕೂತು ಒಂದು ಗಿಟುಕು ಹೆಚ್ಚಿದೆ. ನನ್ನ ಮಟ್ಟಿಗೆ ಅದು ಚೆನ್ನಾಗಿಯೇ ಇತ್ತು. ಅತ್ತೆ ನಾಲ್ಕು ಚೂರು ಎತ್ತಿ ನೋಡಿ, “ಇದು ಎಳ್ಳಿಗಲ್ಲ ಕಣೇ, ಚಟ್ನಿಗೆ” ಎಂದು ಎಲ್ಲವನ್ನೂ ಬಳಿದು ಪಕ್ಕಕ್ಕೆ ತಳ್ಳಿದಳು. ಅಮ್ಮ ನಕ್ಕಳು. ಅಪ್ಪ ಊಟಕ್ಕೆ ಕೂತಾಗ “ಇವತ್ತು ಮಗಳ ಕೈ ಚಟ್ನಿಯೇನೇ?” ಎಂದು ಛೇಡಿಸಿದರು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಮುಖ ಉರಿಯಿತು, ಅಷ್ಟೇ.

ಎದುರುಮನೆಯ ಜಾನಕಮ್ಮನವರ ಮಗಳಿಗೆ ಅದು ಮದುವೆಯಾದ ಮೊದಲ ಸಂಕ್ರಾಂತಿ. ಹೊಸ ಮದುವಣಗಿತ್ತಿ ಬೀರುವ ಎಳ್ಳು ಅಂದವಾಗಿರಬೇಕೆಂದು ಅವರು ಅಮ್ಮನನ್ನೇ ಕೇಳಿಕೊಂಡಿದ್ದರು. ಅಮ್ಮ ಅದಕ್ಕೆ ಒಣದ್ರಾಕ್ಷಿ, ಗೋಡಂಬಿಯನ್ನೂ ಬೆರೆಸಿ ದೊಡ್ಡ ತಟ್ಟೆಯ ತುಂಬ ನನ್ನ ಕೈಯಲ್ಲಿ ಕಳಿಸಿದಳು. ಜಾನಕಮ್ಮನವರು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದರು.

“ಏನ್ ಕೈ ಕಣೇ ನಿಮ್ಮಮ್ಮಂದು! ಒಂದೊಂದು ಚೂರೂ ಒಂದೇ ಸಮ. ನೀನೂ ಕಲ್ತ್ಕೊಳೇ, ನಾಳೆ ಅತ್ತೆಮನೇಲಿ ಮರ್ಯಾದೆ ಉಳಿಯುತ್ತೆ.”

ಮತ್ತೆ ಅದೇ ಕೊಬ್ಬರಿ, ಮತ್ತೆ ನನ್ನ ಕೈ! ನಾನು ನಗುತ್ತಲೇ ಅಂದೆ — “ಅಮ್ಮ ಅಲ್ಲ ಹೆಚ್ಚಿದ್ದು. ನಮ್ಮ ಸುಬ್ಬತ್ತೆ.”

ಜಾನಕಮ್ಮನವರ ಅಂಗೈ ತಾನಾಗಿ ಮಗುಚಿಕೊಂಡಿತು. ಅವರು ಬೈಯಲಿಲ್ಲ. ಮಗಳ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಹಸುವಿನ ಬಾನಿಗೆ ಸುರಿದು ಬಂದರು. ಹಬ್ಬದ ದಿನ ಬಂದ ತಟ್ಟೆಯನ್ನು ಯಾರೂ ಬರಿದಾಗಿ ಕಳಿಸುವುದಿಲ್ಲ, ಒಂದು ಬಾಳೆಹಣ್ಣನ್ನಾದರೂ ಇಟ್ಟು ಕೊಡುತ್ತಾರೆ. ನನಗೆ ಬರಿ ತಟ್ಟೆ ಕೊಟ್ಟರು. ಅದನ್ನು ಹಿಡಿದು ಬೀದಿ ದಾಟುವಾಗ ನನ್ನ ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಇಳಿದು ಭಯ ಹತ್ತಿತ್ತು.

ಸಂಜೆ ಅವರು ನಮ್ಮ ಹೊಸ್ತಿಲ ಹೊರಗೇ ನಿಂತರು. ಅಮ್ಮ ಕುಂಕುಮ ಚಾಚಿದರೂ ಹಚ್ಚಿಕೊಳ್ಳಲಿಲ್ಲ. “ನಮ್ಮ ಹುಡುಗಿ ಮಡಿಲಿಗೆ ಎಂಥಾ ಎಳ್ಳು ಕಳ್ಸಿದ್ರಿ ಅಂತ ಗೊತ್ತಾಯ್ತು. ನಿಮಗೂ ಒಬ್ಬಳು ಮಗಳಿದಾಳೆ” ಅಂದರು. ನನ್ನ ಹೆಸರು ಎತ್ತಲಿಲ್ಲ — ಮಗು ಎಂದು ಬಿಟ್ಟರೋ ಏನೋ. ಎತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಅಪ್ಪ ನಡುಮನೆಯಲ್ಲಿ ನಿಂತು ಕೇಳಿದರು. “ಯಾರು ಬಾಯಿ ಬಿಟ್ಟಿದ್ದು?” ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಹೆಚ್ಚಿಕೊಡು ಎಂದು ವರ್ಷವರ್ಷವೂ ಕೇಳಿಕೊಳ್ಳುತ್ತಿದ್ದವಳು ತಾನು ಎಂದು ಅವಳೂ ಹೇಳಲಿಲ್ಲ. ಅವಳ ತಪ್ಪು ಅವಳದು, ಅದನ್ನು ನನ್ನದಕ್ಕೆ ಅಡ್ಡ ಇಡುವುದಿಲ್ಲ. ಅಪ್ಪನ ಕಣ್ಣು ನನ್ನ ಕಡೆ ತಿರುಗಿತು.

“ಅತ್ತೇನೇ ಹೇಳ್ಕೊಂಡಿದ್ದು. ಬೆಳಿಗ್ಗೆ ಬೀದಿ ಬಾವಿ ಹತ್ರ. ನಾನು ಕೇಳಿಸ್ಕೊಂಡೆ.”

ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ಸಲೀಸಾಗಿ ಸುಳ್ಳು ಎಲ್ಲಿಂದ ಬಂತು — ಬಾವಿ, ಬೆಳಿಗ್ಗೆ, ಎಲ್ಲ ಸೇರಿಸಿ...

ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದಳು. ನನ್ನನ್ನು ನೋಡಿದಳು. ಆಮೇಲೆ ನೆಲ ನೋಡುತ್ತ, “ಹ್ಞೂ. ನಾನೇ ಅಂದೆ. ಬಾಯಿ ಜಾರ್ತು” ಅಂದಳು. ನನ್ನನ್ನು ಉಳಿಸಲು ಹಾಗೆ ಹೇಳಿದಳೆಂದು ಬಹಳ ಕಾಲ ಅಂದುಕೊಂಡಿದ್ದೆ; ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಇಲ್ಲ ಎಂದರೂ ಆ ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ನಿನ್ನ ಮನೇಲಿಟ್ಕೊಂಡಿದ್ದಕ್ಕೆ ಬೀದೀಲಿ ತಲೆ ಎತ್ತದ ಹಾಗೆ ಮಾಡ್ದೆ ಅಕ್ಕ” ಎಂದು ಅಪ್ಪ ಗೋಡೆಗೆ ಹೇಳಿದರು. ಹಬ್ಬ ಕಳೆದ ಕೂಡಲೇ ಅವಳನ್ನು ಬಸ್ಸು ಹತ್ತಿಸಿ ಕುಣಿಗಲ್ಲಿಗೆ ಕರೆದೊಯ್ದು, ಅವಳ ಮೈದುನನ ಮನೆಯಲ್ಲಿ ಬಿಟ್ಟು ಬಂದರು. ಅಲ್ಲಿ ಅವಳು ಬೇಕಾಗಿದ್ದದ್ದು ಒಲೆಯ ಮುಂದೆ ಮಾತ್ರ. ಮತ್ತೆ ಯಾವ ಹಬ್ಬಕ್ಕೂ ಅವಳನ್ನು ಕರೆಸಲಿಲ್ಲ. ಅವಳ ಅಡಕೊತ್ತು ಹಿತ್ತಲ ಕೋಣೆಯ ಗೂಡಿನಲ್ಲೇ ಉಳಿಯಿತು.

ಅರವತ್ತರ ದಶಕದಲ್ಲಿ ನನ್ನನ್ನು ಗುಬ್ಬಿಗೆ ಮದುವೆ ಮಾಡಿಕೊಟ್ಟರು. ಮೊದಲ ಸಂಕ್ರಾಂತಿಗೆ ಎಳ್ಳನ್ನು ನಾನೇ ಮಾಡಿದೆ, ಹಠ ಹಿಡಿದು ಸಣ್ಣಗೆ ಹೆಚ್ಚಿದೆ. ಒಂದು ಡಬ್ಬಿ ತುಂಬಿಕೊಂಡು, ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಹೋದೆ. ಹೇಳಿಬಿಡಬೇಕು, ಕಾಲು ಹಿಡಿದಾದರೂ — ದಾರಿಯುದ್ದಕ್ಕೂ ಅದೇ.

ಅತ್ತೆ ಹಿಂದಿನ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಸೊರಗಿದ್ದಳು. ಗಂಡನ ಮನೆ, ಊರು ಎಲ್ಲ ವಿಚಾರಿಸಿದಳು. ನಾನು ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟೆ. ಬಗ್ಗಿ ನೋಡಿ, “ಪರ್ವಾಗಿಲ್ಲ ಕಣೇ, ಕೈ ಕೂತಿದೆ” ಅಂದಳು. ಆದರೆ ಕೈ ಚಾಚಲಿಲ್ಲ. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಳು.

“ತಗೋ ಅತ್ತೆ, ನಿನಗೇ ತಂದಿದ್ದು.”

“ಹೊಸ ಮದ್ವಣಗಿತ್ತಿ ಎಳ್ಳು, ನಾನು ಮುಟ್ಟಿದ್ರೆ ಆಗುತ್ತೇನೇ?” ಅಂದಳು. ಸಿಟ್ಟಿರಲಿಲ್ಲ. “ನಾನು ಯಾರಿಗೂ ಹೇಳ್ಲಿಲ್ಲ ಅಂತ ನಂಗೆ ಗೊತ್ತು. ಆ ಮನೇಗೆ ತಟ್ಟೆ ತಗೊಂಡು ಹೋಗಿದ್ದು ಯಾರು ಅಂತಾನೂ ಗೊತ್ತು. ಏಳು, ಬಸ್ಸಿಗೆ ಹೊತ್ತಾಗುತ್ತೆ.”

ಎದ್ದೆ. ಡಬ್ಬಿಯನ್ನು ವಾಪಸ್ಸು ತಂದೆ. ಅವಳಿಗೆ ಗೊತ್ತಿದೆಯಲ್ಲ, ಇನ್ನು ನಾನು ಹೇಳುವುದೇನು ಎಂದು ಬಸ್ಸಿನಲ್ಲಿ ಕೂತು ಸಮಾಧಾನ ಮಾಡಿಕೊಂಡೆ — ನಾಚಿಕೆಗೆಟ್ಟ ಸಮಾಧಾನ. ಒಂದೆರಡು ವರ್ಷದಲ್ಲೇ ಅವಳು ಆ ಮನೆಯಲ್ಲೇ ತೀರಿಕೊಂಡಳು.

ಅಪ್ಪ ಹಾಸಿಗೆ ಹಿಡಿದಾಗ ನಾನು ತುಮಕೂರಿಗೆ ಬಂದು ಅವರ ಹತ್ತಿರವಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ, “ಅಕ್ಕ ಅವತ್ತು ಬಾಯಿ ಬಿಗಿ ಹಿಡಿದಿದ್ರೆ ಇಲ್ಲೇ ಇರಬಹುದಿತ್ತು, ಅಲ್ವೇನೇ?” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅಮ್ಮ ಆಗಲೇ ಇರಲಿಲ್ಲ. ಕೋಣೆಯಲ್ಲಿ ನಾವಿಬ್ಬರೇ. ನನ್ನನ್ನು ಹೊಡೆಯುವವರಿರಲಿಲ್ಲ, ಹೊರಗೆ ಹಾಕುವವರಿರಲಿಲ್ಲ.

“ಹೌದಪ್ಪ” ಅಂದೆ.

ಅವರು ಹಾಗೇ ನಂಬಿಕೊಂಡು ಹೋದರು.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಯಾರು ಓದುತ್ತಾರೋ ಅವರಾದರೂ ತಿಳಿಯಲಿ. ಸುಬ್ಬತ್ತೆ ಬಾವಿಯ ಹತ್ತಿರ ಯಾರಿಗೂ ಏನೂ ಹೇಳಲಿಲ್ಲ. ಆ ಬೆಳಿಗ್ಗೆ ಅವಳು ಬಾವಿಗೆ ಹೋಗಿಯೇ ಇರಲಿಲ್ಲ. ಬೆಲ್ಲ ಕತ್ತರಿಸಿ ಅಂಗೈ ಬೊಬ್ಬೆ ಒಡೆದಿತ್ತು, ಹಗ್ಗ ಹಿಡಿಯಲು ಆಗುತ್ತಿರಲಿಲ್ಲ. ಅವಳ ಮಡಿನೀರನ್ನು ಅಮ್ಮ ಸೇದಿದಳು. ಕೊಡಕ್ಕೆ ಕೈ ಕೊಟ್ಟವಳು ನಾನು.