ಶರಣಮ್ಮನ ಹೂಂ

ನಿನ್ನೆ ಸಂಜೆ ಕರೆಂಟು ಹೋಯಿತು. ಅಪಾರ್ಟ್‌ಮೆಂಟಿನ ಜನರೇಟರೂ ಕೈಕೊಟ್ಟಿತು. ಮೇಣದಬತ್ತಿ ಹಚ್ಚಿದೆ, ಗಾಳಿಗೆ ಆರಿತು. ಆ ಸುಟ್ಟ ಬತ್ತಿಯ ವಾಸನೆ ಇದೆಯಲ್ಲ, ಅದು ನನ್ನನ್ನು ತೊಂಬತ್ತರ ದಶಕದ ವಿಮಾನಪುರಕ್ಕೆ, ನಮ್ಮ ವಠಾರದ ಮೆಟ್ಟಿಲಿಗೆ ಕರೆದೊಯ್ದು ಕೂರಿಸಿತು.

ಆಗ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಫ್ಯಾಕ್ಟರಿಯಿಂದ ಬಂದ ಗಂಡಸರು ಗಾಳಿ ಬೀಸಿಕೊಳ್ಳಲು ಹಳೇ ಪೇಪರು ಹುಡುಕುತ್ತಿದ್ದರೆ, ನಾವು ಹೆಂಗಸರು, ಮಕ್ಕಳು ಮೆಟ್ಟಿಲ ಮೇಲೆ ಸೇರಿ ದೆವ್ವದ ಕತೆ ಹೇಳುತ್ತಿದ್ದೆವು. ನನ್ನ ಮಟ್ಟಿಗೆ ನಾನೇ ದೊಡ್ಡ ಕತೆಗಾರ್ತಿ. ನನ್ನ ದೆವ್ವಕ್ಕೆ ಬಿಳಿ ಸೀರೆ, ಗೆಜ್ಜೆ, ಮಲ್ಲಿಗೆ ದಂಡೆ, ಯಾವುದಕ್ಕೂ ಕೊರತೆಯಿರಲಿಲ್ಲ. ಮಕ್ಕಳು ಆಕಳಿಸುತ್ತಿದ್ದವು.

ವಠಾರದ ಹಿಂಬದಿಯ ಬಾಡಿಗೆ ಕೋಣೆಯ ಶರಣಮ್ಮ ಕಲಬುರಗಿ ಕಡೆಯವಳು, ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಕತೆಗೆ ಒಬ್ಬರಾದರೂ ಹೂಂಗುಟ್ಟಬೇಕು, ಹೂಂ ಇರುವವರೆಗೆ ಕತೆ ನಿಲ್ಲಿಸಬಾರದು ಎನ್ನುವುದು ಅವಳ ಕಟ್ಟಳೆ. ಎಲ್ಲರ ಕತೆಗೂ ಮೂಗಿನಲ್ಲಿ ಎಳೆದು "ಹೂಂ... ಮುಂದ?" ಎನ್ನುವವಳು ನನ್ನ ಕತೆಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನನಗೋ, ಅವಳದೊಂದು ಹೂಂ ಸಿಕ್ಕರೆ ಸಾಕಾಗಿತ್ತು.

ಒಮ್ಮೆ ಕೇಳಿಯೇಬಿಟ್ಟೆ. "ಯಾಕ್ರೀ ಶರಣಮ್ಮ, ನನ್ ಕತೆಗೆ ಹೂಂ ಅನ್ನಲ್ಲ?"

"ದೆವ್ವಕ್ಕ ಅಷ್ಟ ಸಿಂಗಾರ ಯಾಕ್ರೀ ಅಕ್ಕಾರ? ಬಾಗಿಲಾ ಯಾ ಕಡಿ ತೆರೀತದ, ಅದರ ಹಿಂದ ಏನದ, ಅಷ್ಟ ಹೇಳ್ರಿ. ಅಂಜಿಕಿ ತಾನಾ ಬರ್ತದ."

"ಕಲಿತು ತೋರಿಸ್ತೀನಿ. ಆಗ ಹೂಂ ಅನ್ಬೇಕು."

"ಎಲ್ಲಿದ್ರೂ ಅಂತೀನಿ, ಹೇಳ್ರಿ."

ಪಂಚಮಿ ಹಬ್ಬಕ್ಕೆ ಊರಿಗೆ ಹೋದವಳು ಅಲ್ಲೇ ಜ್ವರ ಬಂದು ತೀರಿಕೊಂಡಳು. ಬಹಳ ಅತ್ತೆ. ಆಮೇಲೆ ಕತೆ ಹೇಳುವ ಮನಸ್ಸೇ ಬರಲಿಲ್ಲ.

ನಿನ್ನೆ ಕತ್ತಲಲ್ಲಿ ಮೊಮ್ಮಗಳು ಚಾಪೆಯ ಮೇಲೆ ಒರಗಿ, "ಅಜ್ಜಿ, ಒಂದು ಕತೆ ಹೇಳು" ಎಂದಳು.

"ಹೇಳ್ತೀನಿ, ನೀನು ಹೂಂ ಅಂತಿರ್ಬೇಕು."

ಶರಣಮ್ಮನ ಕೋಣೆಯನ್ನೇ ಹೇಳಿದೆ. ಹಸಿರು ಬಾಗಿಲು, ಒಳಕ್ಕೆ ತೆರೆಯುತ್ತಿತ್ತು. ಅದರ ಹಿಂದೆ ಅವಳ ಗಾರೆ ಬಾಂಡಲಿ. ಊರಿಗೆ ಹೋಗುವಾಗ ಬೀಗ ಹಾಕಿದ್ದಳು. ಸಾವಿನ ಸುದ್ದಿ ಬಂದ ಮರುದಿನ ಹೋಗಿ ನೋಡಿದರೆ ಬೀಗ ಹಾಗೇ ಇತ್ತು. ಹೊಸ್ತಿಲ ಮೇಲೆ ಮಾತ್ರ ಒಂದು ಹಸಿ ಸಿಮೆಂಟಿನ ಹೆಜ್ಜೆ, ಬೆರಳು ಒಳಮುಖವಾಗಿ.

ಮೊಮ್ಮಗಳ ಹೂಂ ಸಣ್ಣಗಾಗುತ್ತಾ ನಿಂತುಹೋಯಿತು. ಮಗು ಮಲಗಿತ್ತು. ನಾನೂ ನಿಲ್ಲಿಸಿದೆ.

"ಹೂಂ... ಮುಂದ?"

ಬಾಗಿಲ ಕಡೆಯಿಂದ, ಮೂಗಿನಲ್ಲಿ ಎಳೆದು.

ನೀವು ನಂಬಬೇಕಿಲ್ಲ. ಹೆದರಿದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಹಿಗ್ಗಿದೆ.

ಅಷ್ಟರಲ್ಲಿ ಕರೆಂಟು ಬಂತು. ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನೇ ಎದ್ದು ದೀಪ ಆರಿಸಿದೆ. ಬಂದು ಕೂತು, ಕತೆ ಮುಂದುವರಿಸಿದೆ.